ಅರ್ಧ ಸೀಟು

ಲಗಮಪ್ಪನ ಕಾರನ್ನು ಲಗಮಪ್ಪನ ಹೊರತು ಮತ್ತೊಬ್ಬರು ಓಡಿಸುವಂತಿರಲಿಲ್ಲ. ಹಳೆ ದಾಂಡೇಲಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಕೀಲಿಯನ್ನು ಗಾಡಿಯಲ್ಲಿಯೇ ಬಿಟ್ಟು ಅವನು ಊಟಕ್ಕೆ ಹೋಗುತ್ತಿದ್ದ. ಕಳ್ಳ ಬಂದರೂ ಒಳಗೆ ಕೂತು, ಒಂದು ಗಳಿಗೆ ತಲೆ ಕೆರೆದುಕೊಂಡು, ಬಾಗಿಲು ಮುಚ್ಚಿ ಹೋಗಬೇಕಾಗಿತ್ತು.

ಅದು ಅರವತ್ತೊಂಬತ್ತನೇ ಇಸವಿಯ ಅಂಬಾಸಿಡರ್. ಹಳಿಯಾಳದ ಒಬ್ಬ ಕಟ್ಟಿಗೆ ಕಂತ್ರಾಟದಾರನಿಂದ ಲಗಮಪ್ಪ ಅದನ್ನು ಕೊಂಡದ್ದು ಎಂಬತ್ತೊಂಬತ್ತರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಕುಳಗಿ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದವನ ಎಡಗಾಲಿನ ಮೇಲೆ ದಿಮ್ಮಿ ಹೇರಿದ ಲಾರಿ ಹಾದು, ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಕಾಗದದ ಮಿಲ್ಲಿನಲ್ಲಿ ಫಿಟರ್ ಆಗಿದ್ದವನು ಅಂದಿನಿಂದ ಟೂಲ್‌ರೂಮಿನ ಕಿಟಕಿಯ ಹಿಂದೆ ಸ್ಟೂಲಿನ ಮೇಲೆ ಕೂತ. ಕೇಳಿದವರಿಗೆ ಪಾನಾ, ಇಕ್ಕಳ ಕೊಡುವುದು, ಸಂಜೆ ಎಣಿಸಿ ಇಸಿದುಕೊಳ್ಳುವುದು. ಕೈ ಇತ್ತು, ಕೆಲಸ ಇರಲಿಲ್ಲ. ಆ ಕೈಚಳಕವೆಲ್ಲ ಕಾರಿನ ಮೇಲೆ ಹೋಯಿತು.

ಕ್ಲಚ್ ತುಳಿಯಲು ಎಡಗಾಲು ಬೇಕು. ಕಟ್ಟಿಕೊಂಡಿದ್ದ ಜೈಪುರದ ರಬ್ಬರ್ ಕಾಲು ನಡೆಯಲು ಬರುತ್ತಿತ್ತೇ ಹೊರತು ತುಳಿಯಲು ಬರುತ್ತಿರಲಿಲ್ಲ. ಲಗಮಪ್ಪ ಆರು ತಿಂಗಳು ರವಿವಾರ ರವಿವಾರ ಕೂತು, ನೆಲದಿಂದ ಸೊಂಟದೆತ್ತರಕ್ಕೆ ಬರುವ ಕಬ್ಬಿಣದ ಲಿವರ್ ಮಾಡಿದ. ಅದನ್ನು ಎಳೆದರೆ ಕ್ಲಚ್ಚು, ಅದರ ತಲೆಯ ಮೇಲೇ ಗೇರಿನ ಹಿಡಿ. ಪೆಟ್ರೋಲ್ ಇಂಜಿನ್ ತೆಗೆದು ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ. ಕಾಡಿನ ರಸ್ತೆಗೆಂದು ಗಾಡಿಯನ್ನು ನಾಲ್ಕು ಬೆರಳು ಮೇಲೆತ್ತಿದ. ಜೀಪಿನ ಗಾಲಿ ಹಾಕಿದ. ಲಾರಿಯ ಹಾರ್ನ್ ಕಟ್ಟಿದ. ಜನ 'ಕುಂಟನಿಗೆ ಎಂಟು ಚೇಷ್ಟೆ' ಎಂದರು. ಅವನು ಕೇಳಿಸಿಕೊಂಡು ಹಾರ್ನ್ ಬಾರಿಸಿದ.

ಲಿವರ್ ಎಡಕ್ಕೆ ಬಾಗಿ ಆಡುವಂಥದ್ದು. ಮುಂದಿನ ಉದ್ದ ಸೀಟು ಅದಕ್ಕೆ ಅಡ್ಡ ಬಂತು. ಲಗಮಪ್ಪ ಸೀಟನ್ನು ನಡುವೆ ಕೊಯ್ದು ಎಡಗಡೆಯ ಅರ್ಧವನ್ನು ಹೊರಗೆ ತೆಗೆದ. ಟೂಲ್‌ರೂಮಿನ ರೂಢಿ ಏನೆಂದರೆ, ಬಿಚ್ಚಿದ್ದನ್ನು ಬಿಸಾಡಬಾರದು. ತಗಡಿನ ಎರಡು ಬಿಲ್ಲೆಗಳಿಗೆ ಒಂದೇ ನಂಬರು ಹೊಡೆದು, ಒಂದನ್ನು ವಸ್ತುವಿಗೆ, ಇನ್ನೊಂದನ್ನು ಅದು ಇದ್ದ ಜಾಗಕ್ಕೆ ಕಟ್ಟಬೇಕು. ಹಾಗೆ ಬಿಚ್ಚಿದ ಕ್ಲಚ್ ಪೆಡಲಿಗೆ ನಾಲ್ಕನೇ ನಂಬರು, ಅರ್ಧ ಸೀಟಿಗೆ ಒಂಬತ್ತನೇ ನಂಬರು ಬಂತು. ಪೆಡಲು ಅಟ್ಟ ಸೇರಿತು. ಸೀಟು ಹಿತ್ತಲಕಡೆಯ ಪಡಸಾಲೆಗೆ ಬಂತು.

ಅದರ ಮೇಲೆ ಅವನ ಹೆಂಡತಿ ಮುದಕವ್ವ ಕೂತಳು. ಹದಿನಾಲ್ಕು ವರ್ಷ ಕೂತಳು. ಅಕ್ಕಿ ಆರಿಸುವುದು, ಮೆಂತ್ಯ ಸೊಪ್ಪು ಬಿಡಿಸುವುದು, ಮಗನ ಮದುವೆಗೆ ಅರಿಷಿಣ ಕೊಂಬು ಎಣಿಸಿದ್ದು, ಎಲ್ಲವೂ ಆ ಸೀಟಿನ ಮೇಲೆ. ಮೊಣಕಾಲು ಹಿಡಿದುಕೊಂಡ ಮೇಲೆ ನೆಲದಿಂದ ಏಳುವುದು ಕಷ್ಟವಾಗಿ, ಊಟವೂ ಅಲ್ಲಿಯೇ ಆಯಿತು. ಹೀಗೆ ಆ ಮನೆಯಲ್ಲಿ ಊಟಕ್ಕೆ ಮೂರು ಜಾಗ. ಮಗ ಸುಭಾಸ, ಸೊಸೆ ನಿರ್ಮಲಾ ಅಡುಗೆಮನೆಯ ನೆಲದ ಮೇಲೆ, ಮುದಕವ್ವ ಹಿತ್ತಲಲ್ಲಿ, ಲಗಮಪ್ಪ ಮುಂದಿನ ಖೋಲಿಯ ಮೇಜಿಗೆ ಒಬ್ಬನೇ. ಗೋಡೆಯ ಆಚೆ ತಾಟಿನ ಸದ್ದು ಕೇಳುತ್ತ ಉಣ್ಣುತ್ತಿದ್ದ. ಸಾರು ಬೇಕಾದರೆ ಕೆಮ್ಮುತ್ತಿದ್ದ.

ಎರಡು ಸಾವಿರದ ಮೂರರ ಖಂಡೆ ಪೂಜೆಯ ದಿನ ಕಾರು ಚಾಲೂ ಆಗಲಿಲ್ಲ. ಗಾಡಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟಾಗಿತ್ತು. ಲಗಮಪ್ಪ ನಿವೃತ್ತನಾಗಿ ವರ್ಷವಾಗಿದ್ದರೂ ಖಾಕಿ ಅಂಗಿ ಹಾಕಿಕೊಂಡು ಬಂದು ಕೂತು ಕೀಲಿ ತಿರುವಿದ. ಇಂಜಿನ್ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುವಿದ. ಕರಿಹೊಗೆಯ ಒಂದು ಗುಪ್ಪೆ ಎದ್ದು, ಬದಿಯ ಮನೆಯ ಮಾಲವ್ವ ಒಣಹಾಕಿದ ಧೋತರದ ಮೇಲೆ ಹೋಗಿ ಕೂತಿತು. ಮಾಲವ್ವ ಬೈಯಲಿಕ್ಕೆ ಬಾಯಿ ತೆರೆದವಳು ಹಬ್ಬದ ದಿನವೆಂದು ಮುಚ್ಚಿಕೊಂಡಳು.

ಮುದಕವ್ವ ಆರತಿ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿರ್ಮಲಾ, ನಿಮ್ಮ ಮಾವಗ ಕೇಳು, ಲಿಂಬಿಹಣ್ಣು ತಗೀಲೇನು ಅಂತ. ನಾಕು ಹಣ್ಣು ಸುಮ್ಮನ ಹಾಳಾಗ್ತಾವು."

"ತಗೀಬ್ಯಾಡ ಅಂತ ಹೇಳು," ಎಂದ ಲಗಮಪ್ಪ ಕಾರಿನ ಒಳಗಿನಿಂದ.

ಎರಡು ಮಾರು ದೂರದಲ್ಲಿದ್ದ ಗಂಡ ಹೆಂಡತಿ ಸೊಸೆಯ ಮೂಲಕ ಮಾತಾಡಿದರು. ನಿರ್ಮಲಾಗೆ ಇದು ರೂಢಿಯಾಗಿತ್ತು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳ ಇದ್ದಿದ್ದರೆ ಮಾತಾದರೂ ಇರುತ್ತಿತ್ತು.

ಮರುದಿನ ಮೆಕ್ಯಾನಿಕ್ ಈಶಪ್ಪ ಬಂದು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ನೋಡಿ, ಮೂಸಿ, ಕೈ ಒರೆಸಿಕೊಂಡ.

"ಲಗಮಣ್ಣಾ, ಇಂಜಿನ್ ಇಳಿಸಬೇಕಾಗತೈತಿ. ಪಿಸ್ಟನ್, ರಿಂಗು, ಲೈನರ್, ಎಲ್ಲಾ ಸವದಾವು. ಡೀಸೆಲ್ ಎಷ್ಟ ಕುಡೀತೈತೋ ಆಯಿಲ್ ಸೈತ ಅಷ್ಟ ಕುಡೀತೈತಿ."

"ಎಷ್ಟಾಗತೈತಿ?"

"ಹದಿನೆಂಟು ಸಾವಿರಕ್ಕ ಕಮ್ಮಿ ಇಲ್ಲ. ಗಾಡಿ ಮಾರಿದ್ರ ಅಷ್ಟ ಬರೂದಿಲ್ಲ."

ಈಶಪ್ಪ ಇಂಜೆಕ್ಟರ್ ಸ್ವಚ್ಛ ಮಾಡಿ, ಓಣಿಯ ನಾಲ್ಕು ಮಂದಿಯಿಂದ ತಳ್ಳಿಸಿ, ಹೇಗೋ ಚಾಲೂ ಮಾಡಿಕೊಟ್ಟ. ಒಮ್ಮೆ ಹೊತ್ತಿಕೊಂಡರೆ ಓಡುತ್ತಿತ್ತು, ಆದರೆ ಆರಿಸಿದರೆ ಮತ್ತೆ ನಾಲ್ಕು ಮಂದಿ ಬೇಕು. ಲಗಮಪ್ಪ ಅಂದು ಎಂದಿನಂತೆ ಪಾಳಿ ಬಿಡುವ ಎರಡು ಗಂಟೆಯ ಭೋಂಗಾ ಕೂಗುವ ಹೊತ್ತಿಗೆ ಮಿಲ್ಲಿನ ಗೇಟಿಗೆ ಹೋಗಿ ನಿಂತ. ಪಾಳಿ ಬಿಟ್ಟು ಬಂದವರು ಸೈಕಲ್ಲಿನ ಮೇಲಿಂದ ಕೈ ಎತ್ತಿದರು. ಯಾರೂ ಇಳಿಯಲಿಲ್ಲ. ಹಸಿದವರಿಗೆ ಮನೆ ಕಾಣುತ್ತದೆ, ಹಳೆಯ ಗೆಳೆಯ ಕಾಣುವುದಿಲ್ಲ. ಇಂಜಿನ್ ಆರಿಸುವಂತಿಲ್ಲದ್ದರಿಂದ ಹೊಗೆ ಬಿಡುತ್ತ ಹತ್ತು ನಿಮಿಷ ನಿಂತು, ಗೇಟಿನ ಕಾವಲುಗಾರ ಸೀಟಿ ಊದಿದ ಮೇಲೆ ತಿರುಗಿ ಬಂದ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಆಗಿತ್ತು. ಸುಭಾಸ ತಾಟು ಹಿಡಿದುಕೊಂಡು ಮುಂದಿನ ಖೋಲಿಗೆ ಬಂದು ನಿಂತಾಗಲೇ ಲಗಮಪ್ಪನಿಗೆ ಮಾತು ಯಾವುದೆಂದು ತಿಳಿಯಿತು. ಸುಭಾಸ ಬಿದಿರು ಡಿಪೋದಲ್ಲಿ ಲೆಕ್ಕ ಬರೆಯುವವನು, ಏನನ್ನು ಹೇಳುವುದಿದ್ದರೂ ನಿಂತೇ ಹೇಳುತ್ತಿದ್ದ.

"ಅಪ್ಪಾ, ಈಶಪ್ಪ ಸಿಕ್ಕಿದ್ದ. ಇನ್ನ ಸಾಕ ಮಾಡೂಣು. ಕೊಟ್ಟಬಿಡೂಣು."

"ಏನ ಸಾಕು?"

"ಗಾಡಿ. ನಿರ್ಮಲಾಗ ಹೊಲಿಗಿ ಕೆಲಸಕ್ಕ ಮುಂದ ಒಂದು ಖೋಲಿ ಬೇಕಾಗೇತಿ. ಮಷಿನ್ ಅಡಗಿಮನ್ಯಾಗ ಇಟಗೊಂಡು ಎಷ್ಟ ದಿನ ಹೊಲೀತಾಳು? ಅಂಗಳದ ತುಂಬ ಆಯಿಲ್, ಒಂದು ಹಪ್ಪಳ ಒಣಹಾಕಾಕ ಜಾಗಾ ಇಲ್ಲ."

"ಇಂಜಿನ್ ಮಾಡಿಸಿದ್ರ ಇನ್ನ ಹತ್ತು ವರ್ಷ ಓಡತೈತಿ."

"ಯಾರು ಓಡಸ್ತಾರು? ನನಗ ಬರೂದಿಲ್ಲ. ನೀ ಕಲಿಸಲಿಲ್ಲ. ಕಲಿಸಿದ್ರೂ ಆ ಲಿವರ್ ನಿನ್ನ ಕೈಗೆ ಮಾಡಿದ್ದು. ಅಪ್ಪಾ, ಅದು ಕಾರಲ್ಲ, ನಿನ್ನ ಅಂಗಿ ಇದ್ದಂಗ. ಮತ್ತೊಬ್ಬರಿಗೆ ಹಿಡಿಸೂದಿಲ್ಲ."

ಲಗಮಪ್ಪ ರೊಟ್ಟಿ ಮುರಿದ. "ಉಣ್ಣಾಕ ಕೊಡ್ತೀರೋ ಇಲ್ಲೋ?" ಎಂದ. ಸುಭಾಸ ಒಳಗೆ ಹೋದ. ಒಳಗೆ ಮೂವರೂ ಸಣ್ಣ ದನಿಯಲ್ಲಿ ಮಾತಾಡುವುದು ಕೇಳಿಸಿತು. ಲಗಮಪ್ಪನಿಗೆ ಎಣ್ಣೆಗಾಯಿ ಇನ್ನೊಂದು ಬೇಕಾಗಿತ್ತು, ಆದರೆ ಅವತ್ತು ಕೆಮ್ಮಲಿಲ್ಲ.

ಅದೇ ವಾರ ಮುಂಡಗೋಡದಿಂದ ಫೋನು ಬಂತು. ಮುದಕವ್ವನ ಅಕ್ಕ ಸಿದ್ದಕ್ಕನಿಗೆ ಲಕ್ವಾ ಹೊಡೆದು ಬಲಮಗ್ಗಲು ಬಿದ್ದುಹೋಗಿದೆ, ಮಾತು ನಿಂತಿದೆ, ಯಾರಾದರೂ ಬಂದರೆ ಗುರುತು ಹಿಡಿದು ಅಳುತ್ತಾಳೆ ಎಂದು ಅವಳ ಮಗ ಹೇಳಿದ. ಮುದಕವ್ವ ರಿಸೀವರನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು. ಅತ್ತಲಿಂದ ಇಟ್ಟ ಮೇಲೂ ಹಿಡಿದುಕೊಂಡಿದ್ದಳು.

ಹುಟ್ಟಿದವರು ಇಬ್ಬರೇ. ಅವ್ವ ತೀರಿದಾಗ ಸಿದ್ದಕ್ಕನಿಗೆ ಹನ್ನೆರಡು, ಮುದಕವ್ವನಿಗೆ ಐದು. ತಲೆ ಬಾಚಿದ್ದು, ಉಣಿಸಿದ್ದು, ಮದುವೆಯಲ್ಲಿ ಅವ್ವನ ಜಾಗದಲ್ಲಿ ನಿಂತದ್ದು ಸಿದ್ದಕ್ಕನೇ. ಅಂಥವಳನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಮುದಕವ್ವನಿಗೆ ಮೊಣಕಾಲು ಬಿಡುತ್ತಿರಲಿಲ್ಲ. ಇನ್ನು ಮನೆಯ ಕಾರಿನ ಕಥೆ ಬೇರೆ.

ಎಂಬತ್ತೊಂಬತ್ತರಲ್ಲಿ, ಕಾರು ಹೊಸದಾಗಿ ಓಡತೊಡಗಿದಾಗ, ಲಗಮಪ್ಪ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮುಂಡಗೋಡಕ್ಕೆ ಹೊರಟಿದ್ದ. ಹಳಿಯಾಳ ಮುಟ್ಟುವುದರೊಳಗೆ ಮುದಕವ್ವ ಮೂರು ಸಲ ವಾಂತಿ ಮಾಡಿಕೊಂಡಳು. "ಹಿಂದ ಹೊಗಿ ಬರತೈತ್ರಿ. ಮುಂದ ಒಂಚೂರು ಜಾಗಾ ಮಾಡ್ರಿ," ಎಂದಳು. "ಲಿವರ್ ಎಲ್ಲಿಡ್ಲಿ, ನಿನ್ನ ಎಲ್ಲಿಡ್ಲಿ?" ಎಂದ ಲಗಮಪ್ಪ. ಅಂದು ಹಳಿಯಾಳದಿಂದ ಅವಳು ಬಸ್ಸಿನಲ್ಲಿ ತಿರುಗಿ ಬಂದಳು. ಆ ಮೇಲೆ ಆ ಕಾರಿನೊಳಗೆ ಕಾಲಿಡಲಿಲ್ಲ. ಆ ಮಾತು ಲಗಮಪ್ಪನಿಗೆ ಮರೆತೇ ಹೋಗಿತ್ತು. ಹೇಳಿದವರಿಗೆ ಮರೆಯುತ್ತದೆ.

"ಅವ್ವಾ, ಬಾಡಿಗಿ ವ್ಯಾನ್ ಹೇಳ್ತೇನಿ. ಮುಂದ ಡ್ರೈವರ್ ಬಾಜೂಕ ಕುಂಡ್ರುವಂತಿ. ರವಿವಾರ ಹೋಗಿ ಬರೂಣು," ಎಂದ ಸುಭಾಸ.

ಮುಂದಿನ ಖೋಲಿಯಿಂದ ಲಗಮಪ್ಪ ಗದರಿದ. "ಮನ್ಯಾಗ ಗಾಡಿ ಇಟಗೊಂಡು ಬಾಡಿಗಿ ಗಾಡಿ ತರ್ತೀರಿ? ಓಣ್ಯಾಗ ನನ್ನ ಮಾರಿ ಹೆಂಗ ತೋರಸ್ಲಿ? ನಾ ಒಯ್ತೇನಿ. ಇಂಜಿನ್ ಮಾಡಿಸಿ ನಾನ ಒಯ್ತೇನಿ."

"ಯಾವಾಗ ಮಾಡಸ್ತಿ?"

"ಮಾಡಸ್ತೇನಿ."

"ಮಾವಾರ," ಎಂದಳು ನಿರ್ಮಲಾ, ಸೆರಗು ಸಿಕ್ಕಿಸಿಕೊಳ್ಳುತ್ತ, "ಸಿದ್ದಕ್ಕ ದೊಡ್ಡವ್ವ ನಿಮ್ಮ ಇಂಜಿನ್‌ಗೆ ಕಾಯ್ಕೋತ ಕುಂಡ್ರತಾಳೇನ್ರಿ?"

ಸೊಸೆ ಹಾಗೆ ಅಂದದ್ದು ಅದೇ ಮೊದಲು. ಲಗಮಪ್ಪ ಎದ್ದು, ಕೋಲೂರಿಕೊಂಡು ಹೋಗಿ ಕಾರಿನಲ್ಲಿ ಕೂತ. ಸಿಟ್ಟು ಬಂದಾಗ ಅವನು ಹೋಗುತ್ತಿದ್ದುದು ಅಲ್ಲಿಗೇ. ಬಾಗಿಲು ಹಾಕಿಕೊಂಡರೆ ಯಾರೂ ಒಳಗೆ ಬರುತ್ತಿರಲಿಲ್ಲ. ಬಂದರೂ ಕೂರಲು ಬಾಜೂಕೆ ಜಾಗವಿರಲಿಲ್ಲ.

ಮುದಕವ್ವ ಅಕ್ಕಿಯ ಮೊರ ಎಳೆದುಕೊಂಡಳು. ಅರ್ಧ ಸೀಟಿನ ಮೇಲೆ ಕೂತು ಅಳಲಿಲ್ಲ. ಅವಳು ಆರಿಸಿದ ಅಕ್ಕಿಯಲ್ಲಿ ಅಂದು ಹರಳು ಸಿಕ್ಕವು.

ನಾಲ್ಕು ದಿನ ಲಗಮಪ್ಪ ಗ್ಯಾರೇಜಿನಿಂದ ಗ್ಯಾರೇಜಿಗೆ ತಿರುಗಿದ. ಯಾರೂ ಹದಿನೆಂಟಕ್ಕಿಂತ ಇಳಿಯಲಿಲ್ಲ. ಐದನೆಯ ದಿನ ಸಂಜೆ ಚಹಾ ಕುಡಿಯುತ್ತ, ಯಾರಿಗೂ ಹೇಳದೆ ಗೋಡೆಗೆ ಹೇಳಿದ ಹಾಗೆ, "ಗಿರಾಕಿ ಬಂದ್ರ ನೋಡೂಣು," ಎಂದ. ಸುಭಾಸ ಆ ಮಾತು ತಣ್ಣಗಾಗುವ ಮೊದಲೇ ಊರಿಗೆಲ್ಲ ಹೇಳಿಬಂದ.

ದೀಪಾವಳಿಯ ಮೊದಲು ಇಬ್ಬರು ಬಂದರು. ಮೊದಲನೆಯವನು ಹಳಿಯಾಳದ ಗುಜರಿಯವನು. ಕಾರನ್ನು ನೋಡದೆ ಅದರ ತೂಕವನ್ನು ನೋಡಿದ. "ಆನಿ ಇದ್ರೂ ಸಾವಿರ, ಸತ್ರೂ ಸಾವಿರ, ಗೊತ್ತೈತೇನು?" ಎಂದು ಲಗಮಪ್ಪ ಅವನನ್ನು ಚಹಾ ಕೊಡದೆ ಕಳಿಸಿದ. ಎರಡನೆಯವರು ಅಂಬಿಕಾನಗರದ ಒಬ್ಬ ನಿವೃತ್ತ ಸಾಹೇಬರು, ಹಳೆಯ ಗಾಡಿಯ ಶೋಕಿ ಇದ್ದವರು. ಬಾಗಿಲು ತೆರೆದು ಲಿವರ್ ನೋಡಿ, "ಏನ್ರೀ ಇದು, ಕಾರೋ ಮಗ್ಗವೋ?" ಎಂದು ನಕ್ಕರು. ಲಗಮಪ್ಪ ಬಾನೆಟ್ ಮುಚ್ಚಿಬಿಟ್ಟ.

ದೀಪಾವಳಿಯ ಮೂರನೆಯ ದಿನ ತುಳಸಿರಾಮ ಬಂದ. ಮುಂಡಗೋಡದ ಕಡೆಯ, ಎಮ್ಮೆ ಸಾಕುವವರ ಗೌಳಿವಾಡದವನು. ಮೂವತ್ತರ ಆಸುಪಾಸಿನ, ಕೆಂಪು ರುಮಾಲಿನ, ನಗುಮುಖದ ಮನುಷ್ಯ. ಬೆಳಗಿನಲ್ಲಿ ಹಾಲಿನ ಕ್ಯಾನು, ಆ ಮೇಲೆ ಸಂತೆಯ ಮಂದಿಯನ್ನು ಹೇರಿಕೊಂಡು ಓಡಿಸಲು ಗಟ್ಟಿ ಗಾಡಿ ಬೇಕಾಗಿತ್ತು. ಅವನು ಗಾಡಿಯ ಕೆಳಗೆ ಹೊಕ್ಕು ನೋಡಿದ, ಬೆಸುಗೆಗಳ ಮೇಲೆ ಕೈಯಾಡಿಸಿದ. ಹೊರಗೆ ಬಂದು, "ಕಾಕಾ, ಇದನ್ನ ಮಾಡಿದಾವ ಯಾರ್ರಿ?" ಎಂದು ಕೇಳಿದ.

"ನಾನ."

"ಕಂಪನಿಯವ್ರೂ ಹಿಂಗ ಮಾಡೂದಿಲ್ಲ ಬಿಡ್ರಿ."

ಲಗಮಪ್ಪ ಅಲ್ಲಿಯೇ ಸೋತ. ಒಂದು ಒಳ್ಳೆಯ ಮಾತಿಗೆ ಹದಿನಾಲ್ಕು ವರ್ಷ ಕಾದವನು ದರಕ್ಕೆ ಜಗಳಾಡಲಿಲ್ಲ. ತುಳಸಿರಾಮ ಇಂಜಿನ್ ಕೆಲಸ ತಾನೇ ಮಾಡಿಸಿಕೊಳ್ಳುವುದಾಗಿ ಹೇಳಿದ. ಹನ್ನೊಂದು ಸಾವಿರಕ್ಕೆ ಮಾತು ಮುಗಿಯಿತು.

"ಖರೆ ಕಾಕಾ, ಎರಡ ಮಾತು. ನನಗ ಎರಡೂ ಕಾಲು ಅದಾವು, ಈ ಲಿವರ್ ನನಗ ಬ್ಯಾಡ. ಪೆಡಲ್ ಬೇಕು. ಮತ್ತ ಮುಂದ ಸೀಟು ಬೇಕು. ಮುಂದ ಇಬ್ಬರನ್ನ ಕುಂಡ್ರಿಸಲಿಲ್ಲ ಅಂದ್ರ ಡೀಸೆಲ್ ಖರ್ಚು ಹುಟ್ಟೂದಿಲ್ಲ."

"ಎರಡೂ ಅದಾವು," ಎಂದ ಲಗಮಪ್ಪ ಎದೆಯುಬ್ಬಿಸಿ. "ಇದರ ಒಂದು ನಟ್ಟು ನಾ ಕಳದಿಲ್ಲ. ಪೆಡಲು ನಾಕನೇ ನಂಬರು, ಸೀಟು ಒಂಬತ್ತನೇ ನಂಬರು. ರವಿವಾರ ಬಾ, ಹೆಂಗಿತ್ತೋ ಹಂಗ ಮಾಡಿ ಕೊಡ್ತೇನಿ."

ಚಹಾ ತಂದ ನಿರ್ಮಲಾ ಬಾಗಿಲಲ್ಲೇ ನಿಂತಳು. ತುಳಸಿರಾಮ ಹೋದ ಮೇಲೆ ಕಪ್ಪು ತೆಗೆಯುತ್ತ, "ಮಾವಾರ, ಸೀಟು ಅತ್ತಿಯಾರ ಕುಂಡ್ರೂದಲ್ರಿ?" ಎಂದಳು.

"ಅದು ಗಾಡೀದು."

"ಹದಿನಾಕು ವರ್ಷದಿಂದ ಅವ್ರು ಕುಂತಾರು. ಒಂದು ಮಾತ ಕೇಳಬೇಕಾಗಿತ್ತು."

"ಕೇಳೂದೇನೈತಿ? ಅವಳಿಗೊಂದು ಖುರ್ಚಿ ತಂದ್ರಾತು."

ಹಿತ್ತಲಿನಿಂದ ಮುದಕವ್ವನ ದನಿ ಬಂತು. "ಒಯ್ಲಿ ಬಿಡ ನಿರ್ಮಲಾ. ಗಾಡೀದು ಗಾಡಿಗೆ." ಸ್ವಲ್ಪ ತಡೆದು ಕೇಳಿದಳು, "ಆ ಹುಡುಗ ಯಾವೂರಾವ?"

"ಮುಂಡಗೋಡದ ಕಡಿಯಾವಂತ್ರಿ ಅತ್ತಿ."



ಬುಧವಾರದಿಂದ ಲಗಮಪ್ಪ ಕೆಲಸಕ್ಕೆ ಕೂತ. ಈಶಪ್ಪ ಸಹಾಯಕ್ಕೆ ಬರುತ್ತೇನೆಂದರೂ ಬೇಡವೆಂದ. ತಾನು ಕಟ್ಟಿದ್ದನ್ನು ತಾನೇ ಬಿಚ್ಚಬೇಕು, ಮತ್ತೊಬ್ಬರ ಪಾನಾ ಅದಕ್ಕೆ ತಾಗಬಾರದು. ನೆಲದ ಮೇಲೆ ಗೋಣಿಚೀಲ ಹಾಸಿ, ಜೈಪುರದ ಕಾಲು ಬಿಚ್ಚಿ ಬದಿಗಿಟ್ಟು, ಗಾಡಿಯ ಅಡಿಗೆ ಸರಿದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಲಿವರ್ ಕೈಗೆ ಬಂತು. ಸವೆದು ನುಣುಪಾದ ಅದರ ಹಿಡಿಯಲ್ಲಿ ಅವನ ನಾಲ್ಕು ಬೆರಳಿನ ಗುರುತು ಬಿದ್ದಿತ್ತು. ಅದಕ್ಕೆ ಕಟ್ಟಲು ನಂಬರಿನ ಬಿಲ್ಲೆ ಹುಡುಕಿ, ಸುಮ್ಮನಾದ. ಲಿವರಿಗೆ ನಂಬರು ಇರಲಿಲ್ಲ. ಅದು ಯಾವ ಗಾಡಿಯಲ್ಲೂ ಇರಬೇಕಾದ ವಸ್ತುವಲ್ಲ. ಅವನಿಗೆ ತುಂಬ ಬೇಸರವಾಯಿತು. ನಿರ್ಮಲಾ ಊಟಕ್ಕೆ ಕರೆದಾಗ ಬಾಗಿಲಿಗೆ ಬೆನ್ನು ಮಾಡಿ, ಹಸಿವಿಲ್ಲ ಎಂದ. ಅವಳು ರೊಟ್ಟಿಯಲ್ಲಿ ಝುಣಕ ಸುತ್ತಿ ತಂದು ಟೂಲ್ ಡಬ್ಬಿಯ ಮೇಲಿಟ್ಟು ಹೋದಳು. ಕೈಯ ಆಯಿಲ್ ಒರೆಸದೆಯೇ ತಿಂದ.

ಶುಕ್ರವಾರ ಪೆಡಲು ಕೂತಿತು, ಗೇರಿನ ಹಿಡಿ ಮೊದಲಿನಂತೆ ಸ್ಟೀರಿಂಗಿನ ಬುಡಕ್ಕೆ ಹೋಯಿತು. ಶನಿವಾರ ಸುಭಾಸ ಅರ್ಧ ಸೀಟನ್ನು ಹಿತ್ತಲಿನಿಂದ ಎತ್ತಿ ತಂದ. ಇಷ್ಟು ವರ್ಷ ಸೀಟು ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯೇ ಇತ್ತು. ನಿರ್ಮಲಾ ಅಲ್ಲೊಂದು ಪ್ಲಾಸ್ಟಿಕ್ ಖುರ್ಚಿ ಇಟ್ಟಳು. ಮುದಕವ್ವ ಅದರ ಮೇಲೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತುಕೊಂಡೇ ಸೊಪ್ಪು ಬಿಡಿಸಿದಳು.

ಸೀಟನ್ನು ನಾಲ್ಕು ಬೋಲ್ಟಿನಿಂದ ಬಿಗಿದು ಲಗಮಪ್ಪ ಹಿಂದೆ ಸರಿದು ನಿಂತು ನೋಡಿದ. ಕೊಯ್ದ ಗೆರೆ ಕೂಡ ಕಾಣಲಿಲ್ಲ. ಎರಡೂ ಒಂಬತ್ತನೇ ನಂಬರಿನ ಬಿಲ್ಲೆಗಳು ಅವನ ಅಂಗೈಯಲ್ಲಿದ್ದವು. ಕೆಲಸ ಸರಿಯಾದಾಗ ಯಾರಿಗಾದರೂ ತೋರಿಸಬೇಕು ಅನ್ನಿಸುತ್ತದೆ. ಸುಭಾಸ ಹೊರಗೆ ಹೋಗಿದ್ದ. ನಿರ್ಮಲಾ ಮಷಿನ್ನಿನ ಸದ್ದಿನಲ್ಲಿದ್ದಳು.

"ಏ, ಇಲ್ಲಿ ಬಾ. ನೋಡು," ಎಂದು ಕೂಗಿದ. ನಡುವೆ ಸೊಸೆ ಇಲ್ಲದೆ ಅವನು ಹೆಂಡತಿಯನ್ನು ಕರೆದು ಎಷ್ಟು ತಿಂಗಳಾಗಿತ್ತೋ.

ಮುದಕವ್ವ ಬಂದಳು. ಗೋಡೆ ಹಿಡಿದು, ಬಾನೆಟ್ ಹಿಡಿದು, ಸುತ್ತ ಬಂದು ಎಡಬಾಗಿಲ ಹತ್ತಿರ ನಿಂತಳು. ಸೀಟಿನ ಮೇಲೆ ಕೈಯಿಟ್ಟಳು. ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಸ್ಪ್ರಿಂಗು ಚುಚ್ಚುತ್ತದೆ ಅವಳಿಗೆ ಗೊತ್ತಿತ್ತು. ಮೆಲ್ಲಗೆ ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ಮುಂದಿನ ಗಾಜಿನಿಂದ ಅಂಗಳ, ಮಾಲವ್ವನ ಬೇಲಿ, ಅದರಾಚೆ ರಸ್ತೆ ಕಂಡವು.

"ಈಗ ಜಾಗಾ ಆತಲ್ರಿ," ಎಂದಳು. "ನಡೀರಿ. ಮುಂಡಗೋಡಕ್ಕ ಹೋಗೂಣು. ಮಾರೂಕಿಂತ ಮೊದಲ ಒಮ್ಮೆ ಅಕ್ಕನ ಮಾರಿ ತೋರಿಸಿ ಕರಕೊಂಡು ಬರ್ರಿ. ನಾ ಮತ್ತೇನೂ ಕೇಳೂದಿಲ್ಲ."

ಲಗಮಪ್ಪ ಉತ್ಸಾಹದಲ್ಲಿ ಬಂದು ತನ್ನ ಜಾಗದಲ್ಲಿ ಕೂತ. ನಾಳೆ ಬೆಳಿಗ್ಗೆ ಐದಕ್ಕೆ ಹೊರಟರೆ ಎಂಟಕ್ಕೆ ಮುಂಡಗೋಡ ಎಂಬ ಲೆಕ್ಕವೂ ತಲೆಯಲ್ಲಿ ಮುಗಿಯಿತು. ಎಡಗೈ ಎಂದಿನಂತೆ ಲಿವರ್ ಹಿಡಿಯಲು ಹೋಯಿತು. ಕೈಗೆ ಸಿಕ್ಕಿದ್ದು ಹೆಂಡತಿಯ ಮೊಣಕಾಲು.

ಅವನು ಕೈ ತೆಗೆದ. ಕೆಳಗೆ ನೋಡಿದ. ಅವನೇ ಎಣ್ಣೆ ಹಚ್ಚಿ ಕೂರಿಸಿದ ಪೆಡಲು ಇತ್ತು. ಜೈಪುರದ ಕಾಲನ್ನು ಎತ್ತಿ ಅದರ ಮೇಲಿಟ್ಟು ಒತ್ತಿದ. ರಬ್ಬರಿನ ಪಾದ ಪೆಡಲಿನ ಮೇಲಿದೆಯೋ ಜಾರಿದೆಯೋ ಅವನಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಒತ್ತಿದ. ಜಾರಿತು. ಕಾಲನ್ನು ಎರಡೂ ಕೈಯಿಂದ ಹಿಡಿದು ಅದುಮಿದ. ಪೆಡಲು ಅರ್ಧ ಹೋಗಿ ಫಟ್ಟನೆ ಮೇಲೆ ಬಂತು.

ಮುದಕವ್ವ ಎಲ್ಲವನ್ನೂ ನೋಡುತ್ತಿದ್ದಳು.

"ಲಿವರ್ ಹಾಕ್ತೇನಿ," ಎಂದ ಲಗಮಪ್ಪ. "ಎರಡು ದಿವಸದ ಕೆಲಸ."

"ಅದನ್ನ ಹಾಕಿದ್ರ ಈ ಸೀಟು ಇರತೈತೇನ್ರಿ?"

ಲಿವರ್ ಎಲ್ಲಿಡ್ಲಿ, ನಿನ್ನ ಎಲ್ಲಿಡ್ಲಿ ಎಂದು ತಾನೇ ಅಂದದ್ದು ಅವನಿಗೆ ಆಗ ನೆನಪಾಯಿತು. ಅಂದ ಜಾಗ, ಹಳಿಯಾಳದ ಬಸ್‌ಸ್ಟ್ಯಾಂಡಿನ ಬೇವಿನ ಗಿಡ, ವಾಂತಿಯ ಕಲೆಯಾದ ಅವಳ ಹಸಿರು ಇರಕಲ್ ಸೀರೆ, ಎಲ್ಲ ನೆನಪಾಯಿತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಇಬ್ಬರೂ ಹತ್ತಿರ ಹತ್ತಿರ ಕೂತು ಮುಂದಿನ ಗಾಜಿನಿಂದ ಮಾಲವ್ವನ ಬೇಲಿಯನ್ನು ನೋಡಿದರು. ನಿರ್ಮಲಾ ದೀಪ ಹಚ್ಚಲು ಬಂದವಳು ನೋಡಿ, ಕರೆಯದೆ ಒಳಗೆ ಹೋದಳು.

ರವಿವಾರ ತುಳಸಿರಾಮ ಬಂದಾಗ ಮುದಕವ್ವ ಸೀರೆ ಬದಲಿಸಿ, ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಯಾರನ್ನೂ ಕೇಳಲಿಲ್ಲ.

"ತಮ್ಮಾ, ನೀ ಹೋಗೂದು ಮುಂಡಗೋಡದ ಮ್ಯಾಲೆ ಹೌದಿಲ್ಲೋ? ನನ್ನ ಅ‍ಕ್ಕನ ಮನೀಮಟಾ ಬಿಡು. ನಾ ಮುಂದ ಕುಂಡ್ರತೇನಿ."

"ಬರ್ರಿ ಆಯಿ. ನಿಮ್ಮ ಗಾಡಿ, ನಿಮ್ಮ ಸೀಟು."

"ಅವ್ವಾ, ಒಬ್ಬಾಕೀನ ಹೆಂಗ ಹೋಗ್ತಿ?" ಎಂದ ಸುಭಾಸ.

"ಮುಂದಿನ ವಾರ ವ್ಯಾನ್ ತಗೊಂಡು ಬಂದು ಕರಕೊಂಡು ಬಾ. ಈಗ ಯಾರ ಮಾರಿಗೂ ಧಕ್ಕಿ ಇಲ್ಲ. ಮನ್ಯಾಗ ಗಾಡಿ ಇಲ್ಲಲ್ಲ."

ಲಗಮಪ್ಪ ಬಾಗಿಲಲ್ಲಿ ನಿಂತಿದ್ದ. ರೊಕ್ಕ ಜೇಬಿನಲ್ಲಿತ್ತು, ಕೀಲಿ ಕೊಟ್ಟಾಗಿತ್ತು. ಮಾಲವ್ವನ ಮಕ್ಕಳು, ಸುಭಾಸ ಕೂಡಿ ತಳ್ಳಿದರು. ಗಾಡಿ ಕರಿಹೊಗೆ ಉಗುಳಿ ಹೊತ್ತಿಕೊಂಡು ರಸ್ತೆಯ ಅಂಚಿಗೆ ಹೋಗಿ ಗುಡುಗುಡು ಎನ್ನುತ್ತ ನಿಂತಿತು. ಅಂಗಳ ಒಮ್ಮೆಲೇ ದೊಡ್ಡದಾಯಿತು. ಆಯಿಲ್ಲಿನ ಕಲೆಯ ಮೇಲೆ ಖಂಡೆ ಪೂಜೆಯ ಲಿಂಬೆಹಣ್ಣುಗಳು ಗಾಲಿಗೆ ಸಿಕ್ಕು ಅಪ್ಪಚ್ಚಿಯಾಗಿ, ಒಣಗಿ ಕರ್ರಗಾಗಿ ಬಿದ್ದಿದ್ದವು. ಈ ಅಂಗಳ, ಆ ಮುಂದಿನ ಖೋಲಿ, ಆ ಮೇಜು. ಲಗಮಪ್ಪನಿಗೆ ಹೆದರಿಕೆಯಾಯಿತು. ಕಾಲು ಹೋದಾಗಲೂ ಅಷ್ಟು ಹೆದರಿರಲಿಲ್ಲ.

"ತಡಿ," ಎಂದು ಕೂಗಿದ. ಕೋಲೂರಿಕೊಂಡು ರಸ್ತೆಗೆ ಹೋದ. ಹಿಂದಿನ ಬಾಗಿಲು ತೆರೆದು ಕೂತ. "ಹೋಗೂಣು," ಎಂದ. ಮುದಕವ್ವ ಕೈಚೀಲದೊಳಗೆ ಕೈ ಹಾಕಿ ಏನನ್ನೋ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ. ಎರಡು ಕತ್ತು ಕಾಣುತ್ತಿದ್ದವು, ಒಂದು ತುಳಸಿರಾಮನದು, ಒಂದು ಹೆಂಡತಿಯದು. ಅವಳ ತುರುಬು ಇಷ್ಟು ಬೆಳ್ಳಗಾದದ್ದನ್ನು ಅವನು ನೋಡಿರಲಿಲ್ಲ. ತುಳಸಿರಾಮ ಕ್ಲಚ್ಚು ಹಗುರಾಗಿ ತುಳಿದು ಗೇರು ಬದಲಿಸುತ್ತಿದ್ದ. ಮುದಕವ್ವ ಅವನ ಎಮ್ಮೆಗಳ ಹೆಸರು ಕೇಳಿದಳು. ಅವನು ಒಂದೊಂದನ್ನೇ ಹೇಳಿದ. ಒಂದು ಎಮ್ಮೆಗೆ ತನ್ನ ಅತ್ತೆಯ ಹೆಸರಿಟ್ಟಿದ್ದೇನೆಂದ. ಮುದಕವ್ವ ನಕ್ಕಳು. ಆ ನಗೆ ಇನ್ನೂ ಹಾಗೇ ಇತ್ತು. ಲಗಮಪ್ಪ ಹಿಂದೆ ಕೂತು ಕೇಳಿದ.

ಹಳಿಯಾಳ ದಾಟಿ ಕಲಘಟಗಿಯ ರಸ್ತೆ ಹಿಡಿದಾಗ ಕಾಲಬುಡದ ತಗಡಿನ ಸಂದಿನಿಂದ ಹೊಗೆ ಏಳತೊಡಗಿತು. ಆ ಸಂದು ಅವನೇ ಬೆಸೆದದ್ದು. ಮುಂದೆ ಕೂತವನಿಗೆ ಗಾಳಿ ಇತ್ತು, ಹೊಗೆಯೆಲ್ಲ ಹಿಂದಕ್ಕೆ. ಪ್ರತಿ ತಿರುವಿಗೂ ಹೊಟ್ಟೆ ಗಂಟಲಿಗೆ ಬಂತು. ಲಗಮಪ್ಪ ಕಣ್ಣು ಮುಚ್ಚಿಕೊಂಡ. ಹದಿನಾಲ್ಕು ವರ್ಷ ಮಗನನ್ನು, ಸೊಸೆಯನ್ನು, ಬಂದ ನೆಂಟರನ್ನು ಇಲ್ಲಿಯೇ ಕೂರಿಸಿ ತಾನು ಮುಂದೆ ನೋಡುತ್ತ ಹೋಗಿದ್ದ. ಹಿಂದಿದ್ದವರು ಮಾತಾಡದಿದ್ದರೆ ಸುಖವಾಗಿದ್ದಾರೆ ಎಂದುಕೊಂಡಿದ್ದ. ಗಾಡಿ ನಿಲ್ಲಿಸು ಅನ್ನಲು ಬಾಯಿ ಬರಲಿಲ್ಲ. ನಿಲ್ಲಿಸಿದರೆ ಮತ್ತೆ ತಳ್ಳಲು ಈ ರಸ್ತೆಯಲ್ಲಿ ನಾಲ್ಕು ಮಂದಿಯನ್ನು ಎಲ್ಲಿಂದ ತರುವುದು.

"ಹೊಟ್ಟಿ ತೊಳಸಾಕತ್ತೈತೇನ್ರಿ?" ಮುದಕವ್ವ ತಿರುಗಿ ನೋಡದೆಯೇ ಕೇಳಿದಳು.

"ಇಲ್ಲ."

"ಸುಳ್ಳ ಹೇಳಬ್ಯಾಡ್ರಿ." ಅವಳ ಕೈ ಸೀಟಿನ ಮೇಲಿನಿಂದ ಹಿಂದಕ್ಕೆ ಬಂತು. ಮುಷ್ಟಿಯಲ್ಲಿ ಒಂದು ಹಸಿ ಲಿಂಬೆಹಣ್ಣಿತ್ತು. "ಮೂಸ್ಕೋತ ಕುಂಡ್ರಿ. ಕಣ್ಣ ಮುಚ್ಚಬ್ಯಾಡ್ರಿ, ಮುಚ್ಚಿದ್ರ ಇನ್ನಾ ಹೆಚ್ಚಾಗತೈತಿ. ಮುಂಡಗೋಡ ಇನ್ನೂ ದೂರ ಐತಿ."

ಲಗಮಪ್ಪ ಹಣ್ಣನ್ನು ಇಸಿದುಕೊಂಡ. ಅದು ಬೆಚ್ಚಗಿತ್ತು. ದಾಂಡೇಲಿ ಬಿಟ್ಟಾಗಿನಿಂದ ಅವಳು ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಮುಂದೆ ಕೂತವಳಿಗೆ ಅದು ಬೇಕಾಗಿರಲಿಲ್ಲ.